ಟಾಟಾ ಸಮಾಜ ವಿಜ್ಞಾನ ಸಂಸ್ಥೆ

ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್ ಅಥವಾ ಟಿಸ್ ಮುಂಬಯಿಯ ದೇವನಾರ್‌ನಲ್ಲಿರುವ ಒಂದು ಪರಿಗಣಿತ ವಿಶ್ವವಿದ್ಯಾಲಯ. 1936ರಲ್ಲಿ ಸ್ಥಾಪನೆಯಾದ ಇದು ಸಮಾಜಕಾರ್ಯದಲ್ಲಿ ವೃತ್ತಿಪರ ಶಿಕ್ಷಣ ನೀಡಿದ ಭಾರತದ ಮೊದಲ ಸಂಸ್ಥೆಯಾಗಿದೆ. ಬೋಧನೆ ಮತ್ತು ಸಂಶೋಧನೆಯ ಜೊತೆಗೆ ಕ್ಷೇತ್ರಕಾರ್ಯ ಯೋಜನೆಗಳನ್ನೂ ನಡೆಸುವುದು ಇದರ ವೈಶಿಷ್ಟ್ಯ. ಇಲ್ಲಿ ಆರಂಭವಾದ ಕೆಲವು ಯೋಜನೆಗಳು ಮುಂದೆ ಸರ್ಕಾರಿ ಸೇವೆಗಳಾಗಿ ಬೆಳೆದಿವೆ.

ಇತಿಹಾಸ

ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರು 1920ರ ದಶಕದಲ್ಲಿ ಮುಂಬಯಿಯ ನಾಗಪಾಡಾದಲ್ಲಿ, ಬಡ ಕಾರ್ಮಿಕರ ವಸತಿಗಳ ನಡುವೆ, 'ನೇಬರ್‌ಹುಡ್ ಹೌಸ್' ಎಂಬ ಸೇವಾಕೇಂದ್ರವನ್ನು ತೆರೆದರು. ಸದುದ್ದೇಶವೊಂದೇ ಸಾಲದು, ಸೇವೆಗೂ ತರಬೇತಿ ಅಗತ್ಯ ಎಂಬುದು ಅವರ ನಿಲುವಾಗಿತ್ತು. ಸರ್ ದೊರಾಬ್ಜಿ ಟಾಟಾ ಟ್ರಸ್ಟ್‌ನ ನೆರವಿನಿಂದ 1936ರಲ್ಲಿ ಅದೇ ಕೇಂದ್ರದಲ್ಲಿ 'ಸರ್ ದೊರಾಬ್ಜಿ ಟಾಟಾ ಗ್ರ್ಯಾಜುಯೇಟ್ ಸ್ಕೂಲ್ ಆಫ್ ಸೋಶಿಯಲ್ ವರ್ಕ್' ಆರಂಭವಾಯಿತು. ಮ್ಯಾನ್‌ಶಾರ್ಟ್ ಅದರ ಮೊದಲ ನಿರ್ದೇಶಕರಾದರು.

ಸಂಸ್ಥೆಯು 1940ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಸೋಶಿಯಲ್ ವರ್ಕ್' ಪತ್ರಿಕೆಯನ್ನು ಪ್ರಾರಂಭಿಸಿತು. 1944ರಲ್ಲಿ ಇದಕ್ಕೆ ಈಗಿನ ಹೆಸರು ಬಂದಿತು. ದೇಶವಿಭಜನೆಯ ಸಮಯದಲ್ಲಿ ಇಲ್ಲಿನ ವಿದ್ಯಾರ್ಥಿಗಳು ಕುರುಕ್ಷೇತ್ರದ ನಿರಾಶ್ರಿತರ ಶಿಬಿರದಲ್ಲಿ ಪರಿಹಾರ ಕಾರ್ಯ ನಡೆಸಿದರು. 1954ರಲ್ಲಿ ಸಂಸ್ಥೆಯು ದೇವನಾರ್‌ಗೆ ಸ್ಥಳಾಂತರಗೊಂಡಿತು. 1964ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. ಮೈಸೂರಿನಲ್ಲಿ ದೀರ್ಘಕಾಲ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ. ಆರ್. ವಾಡಿಯಾ ಅವರೂ ಇದರ ನಿರ್ದೇಶಕರಾಗಿದ್ದರು. ತುಳಜಾಪುರ, ಹೈದರಾಬಾದ್ ಮತ್ತು ಗುವಾಹಟಿಗಳಲ್ಲಿ ಸಂಸ್ಥೆಯ ಇತರ ಆವರಣಗಳಿವೆ.

ಶಿಕ್ಷಣ ಕ್ರಮ

ಸಮಾಜಕಾರ್ಯದ ಸ್ನಾತಕೋತ್ತರ ವ್ಯಾಸಂಗದಲ್ಲಿ ಕ್ಷೇತ್ರಕಾರ್ಯವು ಕಡ್ಡಾಯ. ವಿದ್ಯಾರ್ಥಿಗಳು ತರಗತಿಯ ಪಾಠಗಳ ಜೊತೆಗೆ ಆಸ್ಪತ್ರೆ, ಕೊಳೆಗೇರಿ, ನ್ಯಾಯಾಲಯ, ಗ್ರಾಮ ಮುಂತಾದೆಡೆ ಮಾರ್ಗದರ್ಶಕರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ, ಅದರ ವರದಿಯನ್ನು ಒಪ್ಪಿಸಬೇಕು. ಕ್ಷೇತ್ರದಲ್ಲಿ ಕಂಡ ಸಮಸ್ಯೆಗಳು ಸಂಶೋಧನೆಗೆ ವಿಷಯವಾಗುತ್ತವೆ.

ಕ್ಷೇತ್ರಕಾರ್ಯ ಯೋಜನೆಗಳು

* ಮಹಿಳೆ ಮತ್ತು ಮಕ್ಕಳ ವಿಶೇಷ ಘಟಕ (1984): ಮುಂಬಯಿ ಪೊಲೀಸರ ಸಹಯೋಗದಲ್ಲಿ ಪ್ರಾರಂಭವಾಯಿತು. ಹಿಂಸೆಗೊಳಗಾದ ಮಹಿಳೆಯರಿಗೆ ಪೊಲೀಸ್ ವ್ಯವಸ್ಥೆಯೊಳಗೇ ಸಮಾಜ ಕಾರ್ಯಕರ್ತರ ನೆರವು ದೊರಕಿಸುವುದು ಇದರ ಉದ್ದೇಶ. ಬಳಿಕ ಮಹಾರಾಷ್ಟ್ರ ಸರ್ಕಾರವು ಈ ಮಾದರಿಯನ್ನು ಅಳವಡಿಸಿಕೊಂಡಿತು.
* ಪ್ರಯಾಸ್ (1990): ವಿಚಾರಣಾಧೀನ ಕೈದಿಗಳಿಗೆ ಕಾನೂನು ನೆರವು ಮತ್ತು ಬಿಡುಗಡೆಯಾದವರಿಗೆ ಪುನರ್ವಸತಿ ಒದಗಿಸುತ್ತದೆ.
* ಚೈಲ್ಡ್‌ಲೈನ್ 1098 (1996): ಸಂಕಷ್ಟದಲ್ಲಿರುವ ಮಕ್ಕಳಿಗಾಗಿ ಮುಂಬಯಿಯಲ್ಲಿ ಆರಂಭವಾದ ಉಚಿತ ದೂರವಾಣಿ ಸೇವೆ. ಮುಂದೆ ಕೇಂದ್ರ ಸರ್ಕಾರದ ಬೆಂಬಲದಿಂದ ದೇಶವ್ಯಾಪಿಯಾಯಿತು.
* ಕೋಶಿಶ್ (2006): ನಿರ್ವಸಿತರು ಮತ್ತು ಭಿಕ್ಷಾಟನೆ ನಿಷೇಧ ಕಾಯಿದೆಯಡಿ ಬಂಧಿತರಾದವರೊಡನೆ ಕೆಲಸ ಮಾಡುತ್ತದೆ.

ಬಿಹಾರದ ಸಾಮಾಜಿಕ ಲೆಕ್ಕಪರಿಶೋಧನೆ

ಬಿಹಾರ ಸರ್ಕಾರದ ಕೋರಿಕೆಯಂತೆ ಕೋಶಿಶ್ ತಂಡವು ಆ ರಾಜ್ಯದ ಆಶ್ರಯಗೃಹಗಳನ್ನು ಪರಿಶೀಲಿಸಿ 2018ರಲ್ಲಿ ವರದಿ ಸಲ್ಲಿಸಿತು. ಮುಜಫ್ಫರ್‌ಪುರದ ಬಾಲಕಿಯರ ಗೃಹದಲ್ಲಿ ನಡೆಯುತ್ತಿದ್ದ ಲೈಂಗಿಕ ದೌರ್ಜನ್ಯವು ಈ ವರದಿಯಿಂದ ಬೆಳಕಿಗೆ ಬಂದಿತು. ತನಿಖೆಯನ್ನು ಸಿಬಿಐಗೆ ವಹಿಸಲಾಯಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ವಿಚಾರಣೆಯು ದೆಹಲಿಗೆ ವರ್ಗವಾಗಿ, 2020ರ ಜನವರಿಯಲ್ಲಿ 19 ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು. ದೂರು ಹೇಳಿಕೊಳ್ಳಲು ದಾರಿಯಿಲ್ಲದ ಮಕ್ಕಳ ಮಾತನ್ನು ದಾಖಲಿಸಿದ ಈ ವರದಿಯು ಆಶ್ರಯಗೃಹಗಳಿಗೆ ಸ್ವತಂತ್ರ ಪರಿಶೀಲನೆ ಏಕೆ ಬೇಕು ಎಂಬುದಕ್ಕೆ ಪ್ರಮುಖ ನಿದರ್ಶನವಾಗಿದೆ.

ಸವಾಲುಗಳು

ಇಂತಹ ಯೋಜನೆಗಳು ಬಹುಮಟ್ಟಿಗೆ ಅವಧಿ ನಿಗದಿಯಾದ ಅನುದಾನವನ್ನು ಅವಲಂಬಿಸಿವೆ. ಅನುದಾನ ನಿಂತರೆ ಸೇವೆ ಪಡೆಯುತ್ತಿದ್ದವರಿಗೂ ಅದರ ಪೆಟ್ಟು ತಗಲುತ್ತದೆ. 2024ರ ಜೂನ್‌ನಲ್ಲಿ ಟಾಟಾ ಎಜುಕೇಶನ್ ಟ್ರಸ್ಟ್‌ನ ಅನುದಾನ ಮುಂದುವರಿಯದ ಕಾರಣ ಸಂಸ್ಥೆಯು ನೂರಕ್ಕೂ ಹೆಚ್ಚು ಗುತ್ತಿಗೆ ಅಧ್ಯಾಪಕರು ಮತ್ತು ಸಿಬ್ಬಂದಿಗೆ ಸೇವಾ ಮುಕ್ತಾಯದ ನೋಟಿಸು ನೀಡಿತ್ತು. ಅನುದಾನದ ಭರವಸೆ ದೊರೆತ ಮೇಲೆ ಅದನ್ನು ಹಿಂಪಡೆಯಲಾಯಿತು.