ಹಡಗಲಿಯ ಮಲ್ಲಿಗೆಯೂ ಹೆಸರಿನ ಹಕ್ಕೂ

ಬಳ್ಳಾರಿ ಸೀಮೆಯ ಪಶ್ಚಿಮದಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳುಂಟು. 2021ರಿಂದ ಇವು ವಿಜಯನಗರ ಜಿಲ್ಲೆಗೆ ಸೇರಿರುವುವು. ಇವುಗಳಲ್ಲಿ ಹಡಗಲಿಗೆ ‘ಹೂವಿನ’ ಎಂಬ ವಿಶೇಷಣವು ಅಂಟಿಕೊಂಡಿರುವುದನ್ನು ನಾವೆಲ್ಲರೂ ಬಲ್ಲೆವು. ಇಲ್ಲಿಯ ಹೂವು ತುಂಗಭದ್ರೆಯ ಮೇಲೆ ವಿಜಯನಗರಕ್ಕೆ ಹೋಗುತ್ತಿದ್ದಿತೆಂದು ಐತಿಹ್ಯ. ಹೂವು ಸಂಜೆಗೆ ಬಾಡುವುದು. ಹೆಸರು ಮಾತ್ರ ಉಳಿದು ಮರುದಿನದ ಗಿರಾಕಿಯನ್ನು ಕರೆತರುವುದು. ಆ ಹೆಸರು ಯಾರ ಸ್ವತ್ತು?

ಈ ಪ್ರಾಂತವು ಮದರಾಸು ಆಧಿಪತ್ಯದಲ್ಲಿದ್ದಾಗ, 1889ರ ಕಾನೂನು ಸರಕಿನ ಮೇಲಣ ಕಳ್ಳಮುದ್ರೆಯನ್ನು ದಂಡಿಸುತ್ತಿದ್ದಿತು. ವ್ಯಾಪಾರಮುದ್ರೆಗಳನ್ನು ದಾಖಲು ಮಾಡುವ ವ್ಯವಸ್ಥೆಯು ಬ್ರಿಟಿಷ್ ಇಂಡಿಯಾಕ್ಕೆ ಬಂದುದು 1940ರ ಕಾನೂನಿನಿಂದ. ಅದರ ಲಕ್ಷ್ಯವಾದರೂ ಮುಖ್ಯವಾಗಿ ವರ್ತಕನ ಮುದ್ರೆಯೇ. ಒಂದು ಊರಿನ ಬೆಳೆಗಾರರೆಲ್ಲರಿಗೂ ಸೇರಿದ ಹೆಸರಿಗೆ ಪ್ರತ್ಯೇಕ ಕಾನೂನು 1999ರಲ್ಲಿ ಆಯಿತು; 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಅದರಂತೆ ಚೆನ್ನೈಯ ಕಚೇರಿಯಲ್ಲಿ ಮೈಸೂರು, ಉಡುಪಿ ಮಲ್ಲಿಗೆಗಳಂತೆಯೇ ಹಡಗಲಿಯ ಮಲ್ಲಿಗೆಯೂ ದಾಖಲಾಯಿತು. ಇಂತಹ ದಾಖಲೆಯನ್ನು 10 ವರ್ಷಗಳಿಗೊಮ್ಮೆ ನವೀಕರಿಸಬೇಕು.

ಆದರೆ ಈ ದಾಖಲೆಯ ಅಧಿಕಾರವು ದೇಶದ ಎಲ್ಲೆಯಲ್ಲಿಯೇ ನಿಲ್ಲುವುದೆಂಬುದನ್ನು ನಾವು ಮರೆಯಲಾಗದು. 1997ರಲ್ಲಿ ಅಮೆರಿಕದ ಟೆಕ್ಸಾಸಿನ ಕಂಪೆನಿಯೊಂದು ಬಾಸ್ಮತಿ ತಳಿಗಳ ಮೇಲೆ ಪೇಟೆಂಟು ಪಡೆಯಿತು. ಆಗ ಬಾಸ್ಮತಿಯ ಹೆಸರಿಗೆ ನಮ್ಮ ದೇಶದಲ್ಲಿಯೇ ಇಂತಹ ದಾಖಲೆಯಿರಲಿಲ್ಲ. ಭಾರತವು ತಕರಾರು ಹೂಡಿದ ಮೇಲೆ ಆ ಪೇಟೆಂಟಿನ ಬಹುಭಾಗವು ಬಿದ್ದುಹೋಯಿತಾದರೂ, ಅದಕ್ಕೆ ವರ್ಷಗಳು ಹಿಡಿದುವು. 1995ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಒಪ್ಪಂದವೂ ಸ್ವದೇಶದಲ್ಲಿ ರಕ್ಷಣೆಯಿಲ್ಲದ ಹೆಸರನ್ನು ಪರದೇಶದವರು ರಕ್ಷಿಸಬೇಕಾಗಿಲ್ಲವೆಂದೇ ಹೇಳುವುದು.

ಹಾಗಾದರೆ, ಕೊಟ್ಟೂರಿನ ಅಥವಾ ಹಡಗಲಿಯ ವರ್ತಕನು ಪರದೇಶದಲ್ಲಿ ಅಂಗಡಿ ತೆರೆಯುವಾಗ ಮಾಡತಕ್ಕುದೇನು? ಊರಿನ ಹೆಸರು ಎಲ್ಲರದು, ಅಂಗಡಿಯ ಮುದ್ರೆ ತನ್ನದು ಎಂಬ ಭೇದವನ್ನು ಅವನು ಮೊದಲು ತಿಳಿಯಬೇಕು. ತನ್ನ ಮುದ್ರೆಗೆ ಇಲ್ಲಿ ಅರ್ಜಿ ಹಾಕಿದ ಆರು ತಿಂಗಳೊಳಗೆ, 1883ರ ಪ್ಯಾರಿಸ್ ಒಪ್ಪಂದಕ್ಕೆ ಸೇರಿದ ದೇಶದಲ್ಲಿಯೂ ಅರ್ಜಿ ಹಾಕಿದರೆ, ಮೊದಲ ಅರ್ಜಿಯ ತಾರೀಖೇ ಅಲ್ಲಿಯೂ ಸಲ್ಲುವುದು. ಭಾರತವು 2013ರಲ್ಲಿ ಮ್ಯಾಡ್ರಿಡ್ ವ್ಯವಸ್ಥೆಗೆ ಸೇರಿದುದರಿಂದ, ಒಂದೇ ಅರ್ಜಿಯಿಂದ ಹಲವು ದೇಶಗಳನ್ನು ಕೇಳಬಹುದು. ತೀರ್ಮಾನ ಮಾತ್ರ ಆಯಾ ದೇಶದ್ದು. ಊರಿನ ಹೆಸರಿಗೆ ಅಲ್ಲಿ ರಕ್ಷಣೆ ಬೇಡುವ ಹೊಣೆಯನ್ನಾದರೋ ಬೆಳೆಗಾರರ ಸಂಘವೇ ಹೊರಬೇಕು.

ಬೆಳಗಿನ ಜಾವದಲ್ಲಿ ಮೊಗ್ಗು ಬಿಡಿಸುವವರ ಕೂಲಿಯೂ ಆ ಹೆಸರನ್ನೇ ನಂಬಿರುವುದು. ಆದುದರಿಂದ ಸರಕು ಹಡಗೇರುವ ಮೊದಲು ಹೆಸರು ದಾಖಲೆಗೆ ಏರಲಿ ಎಂಬುದೇ ನಮ್ಮ ವಿನಂತಿ.