ವಂಶಾವಳಿ ಮತ್ತು ಸತ್ಯಸಾಕ್ಷ್ಯ: ಕೆನರಾ ಕಥೋಲಿಕ ಮನೆತನಗಳ ಚರಿತ್ರೆಯಲ್ಲಿ ದಾಖಲೆ ಹಾಗೂ ದಂತಕಥೆ

ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಮನೆತನದ ಚರಿತ್ರೆಯನ್ನು ಬರೆಸಿ ಅಚ್ಚು ಹಾಕಿಸುವ ಪರಿಪಾಠ ಬೆಳೆಯುತ್ತಿದೆ. ಕುಟುಂಬ ಸಮ್ಮಿಲನದಂದು ಬಿಡುಗಡೆಯಾಗುವ ಇಂತಹ ಪುಸ್ತಕಗಳಿಗೆ ಮುನ್ನುಡಿ ಬರೆಯುವಂತೆ, ಜ್ಞಾನಸ್ನಾನದ ದಾಖಲೆ ಪುಸ್ತಕಗಳಿಂದ ಪೂರ್ವಜರ ಹೆಸರುಗಳನ್ನು ಹುಡುಕಿಕೊಡುವಂತೆ ಕೋರಿಕೆ ಬರುವುದು ಧರ್ಮಕೇಂದ್ರದ ಗುರುಗಳಿಗೇ. ಹಿರಿಯರನ್ನು ಸ್ಮರಿಸುವ ಈ ಹಂಬಲ ಗೌರವಾರ್ಹವಾದುದು. ಆದರೆ ಗುರುವೊಬ್ಬನು ಸಹಿ ಹಾಕಿದ ಮಾತು ಜನರ ಕಣ್ಣಿಗೆ ಪ್ರಮಾಣವಾಗಿ ಕಾಣುತ್ತದೆ. ಆದ್ದರಿಂದ ಮನೆತನದ ಚರಿತ್ರೆಯಲ್ಲಿ ಯಾವುದು ಸಂಗತಿ, ಯಾವುದು ದಂತಕಥೆ ಎಂಬ ಪ್ರಶ್ನೆ ಚರಿತ್ರಕಾರನಿಗೆ ಎಷ್ಟು ಸಂಬಂಧಿಸಿದೆಯೋ ಪಾಲನಾ ಸೇವೆಯಲ್ಲಿರುವವನಿಗೂ ಅಷ್ಟೇ ಸಂಬಂಧಿಸಿದೆ.

ಇಂತಹ ಪುಸ್ತಕಗಳ ಮೊದಲ ಅಧ್ಯಾಯ ಸಾಮಾನ್ಯವಾಗಿ ಒಂದೇ ಎರಕದಲ್ಲಿ ಹೊಯ್ದಂತಿರುತ್ತದೆ. ಮೂಲಪುರುಷನು ಗೋವೆಯ ಬ್ರಾಹ್ಮಣ. ಅವನ ಸಂತತಿಯ ಮೂವರು ಸಹೋದರರು ಇನ್‌ಕ್ವಿಸಿಷನ್‌ಗೆ ಅಂಜಿ ದಕ್ಷಿಣಕ್ಕೆ ಬಂದರು. ಅರಸರಿಂದ ಭೂಮಿ ಪಡೆದರು. 1784ರಲ್ಲಿ ಕುಟುಂಬವೆಲ್ಲ ಶ್ರೀರಂಗಪಟ್ಟಣಕ್ಕೆ ಸೆರೆಹೋಯಿತು. ಒಬ್ಬ ಬಾಲಕ ಮಾತ್ರ ಪಾರಾಗಿ ಮರಳಿದನು. ನಾವೆಲ್ಲರೂ ಅವನ ವಂಶದವರು. ಇದರಲ್ಲಿನ ಪ್ರತಿಯೊಂದು ಅಂಶವೂ ಯಾವುದಾದರೊಂದು ಮನೆತನದ ಮಟ್ಟಿಗೆ ನಿಜವಿರಬಹುದು. ಆದರೆ ಅನೇಕ ಮನೆತನಗಳು ಇದೇ ಕಥೆಯನ್ನು ತಮ್ಮದೆಂದು ಹೇಳುವಾಗ ಪರಿಶೀಲನೆ ಅಗತ್ಯವಾಗುತ್ತದೆ.

ಧರ್ಮಸಭೆಯ ಹಳೆಯ ಪಾಠ

ಈ ಪರಿಶೀಲನೆ ಆಧುನಿಕರ ಸಂಶಯಬುದ್ಧಿಯಿಂದ ಹುಟ್ಟಿದ್ದಲ್ಲ. 3ನೆಯ ಶತಮಾನದ ಆದಿಭಾಗದಲ್ಲಿ ಜೂಲಿಯಸ್ ಆಫ್ರಿಕಾನಸ್ ಅರಿಸ್ಟೈಡ್ಸ್ ಎಂಬವನಿಗೆ ಬರೆದ ಪತ್ರದಲ್ಲಿ ಕ್ರಿಸ್ತನ ವಂಶಾವಳಿಯನ್ನೇ ಚರ್ಚಿಸಿದ್ದಾನೆ. ಮತ್ತಾಯನು ಯೋಸೇಫನ ತಂದೆಯನ್ನು ಯಾಕೋಬನೆನ್ನುತ್ತಾನೆ, ಲೂಕನು ಹೇಲಿ ಎನ್ನುತ್ತಾನೆ. ಕ್ರಿಸ್ತನು ರಾಜನೂ ಯಾಜಕನೂ ಆಗಿರುವನೆಂದು ತೋರಿಸಲು ಹೆಸರುಗಳನ್ನು ಬೇಕೆಂದೇ ಬೆರೆಸಲಾಗಿದೆ ಎಂದು ಕೆಲವರು ಸಮಾಧಾನ ಹೇಳುತ್ತಿದ್ದರು. ಆಫ್ರಿಕಾನಸನು ಇದನ್ನು ತಿರಸ್ಕರಿಸಿದನು. ಕ್ರಿಸ್ತನ ಮಹಿಮೆಗಾಗಿಯಾದರೂ ಸುಳ್ಳನ್ನು ಕಟ್ಟುವಂತಿಲ್ಲ ಎಂಬುದು ಅವನ ನಿಲುವು. ಮೈದುನ ಧರ್ಮದ ಆಧಾರದಿಂದ ಅವನು ತನ್ನದೇ ವಿವರಣೆಯೊಂದನ್ನು ಕೊಟ್ಟನು. ಅದನ್ನು ದೃಢಪಡಿಸುವ ಬೇರೆ ಸಾಕ್ಷಿಯಿಲ್ಲವೆಂದು ತಾನೇ ಒಪ್ಪಿಕೊಂಡನು.

ಅದೇ ಪತ್ರದಲ್ಲಿ ಅವನು ಇನ್ನೊಂದು ಮಾತನ್ನೂ ದಾಖಲಿಸಿದ್ದಾನೆ. ಹೆರೋದನು ತನ್ನ ಹುಟ್ಟಿನ ಕೀಳರಿಮೆಯಿಂದ ಯೆಹೂದ್ಯರ ವಂಶದಾಖಲೆಗಳನ್ನು ಸುಡಿಸಿದನಂತೆ. ಯೂಸೇಬಿಯಸನು ತನ್ನ ಧರ್ಮಸಭೆಯ ಇತಿಹಾಸದಲ್ಲಿ ಇದನ್ನು ಉಳಿಸಿಕೊಟ್ಟಿದ್ದಾನೆ. ಆದರೆ ಹೆರೋದನು ಸತ್ತು ಹಲವು ದಶಕಗಳಾದ ಮೇಲೆ ಹುಟ್ಟಿದ ಯೊಸೇಫಸನು ತನ್ನ ಆತ್ಮಚರಿತ್ರೆಯಲ್ಲಿ, ತನ್ನ ವಂಶವನ್ನು ಸಾರ್ವಜನಿಕ ದಾಖಲೆಗಳಲ್ಲಿ ಕಂಡಂತೆ ಕೊಟ್ಟಿರುವುದಾಗಿ ಹೇಳುತ್ತಾನೆ. ಒಂದು ಕಡೆಯ ಮಾತನ್ನು ಅದಕ್ಕೆ ಋಣಿಯಲ್ಲದ ಮತ್ತೊಂದು ಸಾಕ್ಷಿಯೊಡನೆ ಹೋಲಿಸಿದಾಗ ದಂತಕಥೆ ಬೇರ್ಪಡುವ ಬಗೆ ಇದು.

ಇದೇ ಕೆಲಸವನ್ನು 17ನೆಯ ಶತಮಾನದಲ್ಲಿ ಆಂಟ್‌ವರ್ಪಿನ ಬೊಲ್ಲಾಂಡಿಸ್ಟ್ ಯೇಸುಸಭೆಯವರು ಸಂತರ ಚರಿತ್ರೆಗಳ ಮೇಲೆ ಮಾಡಿದರು. ಅವರಲ್ಲೊಬ್ಬನಾದ ಡೇನಿಯಲ್ ಪಾಪೆಬ್ರೋಕನು, ಪ್ರವಾದಿ ಎಲೀಯನೇ ಕಾರ್ಮೆಲ್ ಸಭೆಯ ಸ್ಥಾಪಕನೆಂಬ ಪರಂಪರೆಗೆ ಚಾರಿತ್ರಿಕ ಆಧಾರವಿಲ್ಲವೆಂದನು. ಸ್ಪೇನಿನ ಇನ್‌ಕ್ವಿಸಿಷನ್ 1695ರಲ್ಲಿ ಆ ಸಂಪುಟಗಳನ್ನು ಖಂಡಿಸಿತು. 1698ರಲ್ಲಿ ಜಗದ್ಗುರು 12ನೆಯ ಇನ್ನೊಸೆಂಟರು ಎರಡೂ ಪಕ್ಷಗಳಿಗೆ ಮೌನವನ್ನು ವಿಧಿಸಿದರು. ಇಂದು ಕಾರ್ಮೆಲ್ ಸಭೆಯವರೇ ತಮ್ಮ ಆರಂಭವನ್ನು ಸುಮಾರು 1200ರ ವೇಳೆಗೆ ಕಾರ್ಮೆಲ್ ಬೆಟ್ಟದಲ್ಲಿದ್ದ ಏಕಾಂತವಾಸಿಗಳಲ್ಲಿ ಗುರುತಿಸುತ್ತಾರೆ. ಎಲೀಯನನ್ನು ಅವರು ಕೈಬಿಟ್ಟಿಲ್ಲ. ಆತ್ಮಿಕ ಪಿತನೆಂದು ಗೌರವಿಸುತ್ತಾರೆ. ಕೆನರಾದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಸಭೆಯೊಂದರ ಈ ಅನುಭವ ನಮ್ಮ ಕುಟುಂಬಗಳಿಗೂ ಮಾದರಿಯಾಗಬಲ್ಲುದು. ಪರಂಪರೆಯನ್ನು ಅದಕ್ಕೆ ಸಲ್ಲುವ ಸ್ಥಾನದಲ್ಲಿಟ್ಟರೆ ಅದು ನಾಶವಾಗುವುದಿಲ್ಲ.

ದಾಖಲೆ ನಿಲ್ಲುವ ಎಡೆ

ಮನೆತನದ ಸಂಶೋಧನೆಗೆ ಧರ್ಮಕೇಂದ್ರದ ಪುಸ್ತಕಗಳು ಮುಖ್ಯ ಆಕರ. ಟ್ರೆಂಟ್ ಮಹಾಸಭೆ 1563ರಲ್ಲಿ ವಿವಾಹ ಹಾಗೂ ಜ್ಞಾನಸ್ನಾನಗಳ ದಾಖಲೆಯನ್ನು ವಿಧಿಸಿತು. 1614ರ ರೋಮನ್ ವಿಧಿಗ್ರಂಥ ಮರಣದ ದಾಖಲೆಯನ್ನೂ ಸೇರಿಸಿತು. ಗುಪ್ತ ವಿವಾಹಗಳನ್ನು ತಡೆಯುವುದು, ರಕ್ತಸಂಬಂಧ ಮತ್ತು ಆತ್ಮಿಕ ಸಂಬಂಧಗಳಿಂದ ಬರುವ ವಿವಾಹದ ಅಡ್ಡಿಗಳನ್ನು ತಿಳಿಯುವುದು ಅವುಗಳ ಉದ್ದೇಶವಾಗಿತ್ತೇ ಹೊರತು ಕುಲಗೌರವವನ್ನು ಸಾರುವುದಲ್ಲ.

ಕೆನರಾದಲ್ಲಿ ಈ ದಾಖಲೆಯ ದಾರಿ 1784ರಲ್ಲಿ ಕಡಿಯುತ್ತದೆ. ಚರ್ಚುಗಳು ನೆಲಸಮವಾಗಿ, ಜನರು ಸೆರೆಹೋಗಿ, 1799ರಲ್ಲಿ ಶ್ರೀರಂಗಪಟ್ಟಣದ ಪತನದ ಬಳಿಕ ಉಳಿದವರು ಹಿಂದಿರುಗಿದರು. ಆದ್ದರಿಂದ ಬಹುಪಾಲು ಮನೆತನಗಳ ಲಿಖಿತ ಎಳೆಯನ್ನು 19ನೆಯ ಶತಮಾನದ ಆರಂಭದಿಂದ ಹಿಂದಕ್ಕೆ ಒಯ್ಯುವುದು ಸುಲಭವಲ್ಲ. ಮೌಖಿಕ ಪರಂಪರೆಗಳನ್ನು ಅಭ್ಯಸಿಸಿದ ಬೆಲ್ಜಿಯಂನ ಚರಿತ್ರಕಾರ ಯಾನ್ ವಾನ್ಸಿನಾ ಒಂದು ಸಂಗತಿಯನ್ನು ಗುರುತಿಸಿದ್ದಾನೆ. ಸಮುದಾಯಗಳು ಇತ್ತೀಚಿನ ಕೆಲವು ತಲೆಮಾರುಗಳನ್ನು ವಿವರವಾಗಿ ನೆನಪಿಡುತ್ತವೆ. ಮೂಲದ ಕಥೆಯನ್ನೂ ವಿವರವಾಗಿ ಹೇಳುತ್ತವೆ. ನಡುವಿನ ಕಾಲ ಬರಿದಾಗಿರುತ್ತದೆ. ನಮ್ಮ ಕುಟುಂಬ ಚರಿತ್ರೆಗಳ ರಚನೆಯೂ ಇದೇ. ಮುತ್ತಜ್ಜನವರೆಗೆ ಹೆಸರು, ಜಮೀನು, ಮದುವೆಗಳ ವಿವರವಿರುತ್ತದೆ. ಅಲ್ಲಿಂದ ಒಮ್ಮೆಲೇ ಗೋವೆಯ ಮೂಲಪುರುಷನಿಗೆ ಜಿಗಿತ. ದಂತಕಥೆ ನೆಲೆಗೊಳ್ಳುವುದು ಈ ಬರಿದಾದ ನಡುವಿನಲ್ಲಿ.

ಮೂರು ನಿದರ್ಶನಗಳು

ಮೊದಲನೆಯದು ಸೆರೆಯ ದಿನ. 1784ರ ಫೆಬ್ರವರಿ 24, ವಿಭೂತಿ ಬುಧವಾರದಂದು ಕೆನರಾದ ಕ್ರೈಸ್ತರನ್ನು ಬಂಧಿಸಲಾಯಿತೆಂದು ಮತ್ತೆ ಮತ್ತೆ ಮುದ್ರಿತವಾಗಿದೆ. ಆದರೆ ಆ ವರ್ಷ ಪುನರುತ್ಥಾನದ ಹಬ್ಬ ಏಪ್ರಿಲ್ 11ರಂದು ಬಂದಿತ್ತು. ಅದರಿಂದ 46 ದಿನ ಹಿಂದಕ್ಕೆ ಎಣಿಸಿದರೆ, 1784 ಅಧಿಕ ವರ್ಷವಾದುದರಿಂದ, ವಿಭೂತಿ ಬುಧವಾರ ಬೀಳುವುದು ಫೆಬ್ರವರಿ 25ಕ್ಕೆ. 24 ಮಂಗಳವಾರ. ತಾರೀಕು, ವಾರ ಎರಡೂ ಒಟ್ಟಿಗೆ ಸರಿಯಾಗಿರಲಾರವು. ಇದರಿಂದ ಸೆರೆಯೇ ಕಟ್ಟುಕಥೆಯೆಂದು ತೀರ್ಮಾನಿಸುವುದು ದೊಡ್ಡ ತಪ್ಪಾದೀತು. ಟಿಪ್ಪುವಿನ ಕಡೆಯ ಬರಹವೂ, ಆಂಗ್ಲ ಸೆರೆಯಾಳುಗಳ ನೆನಪುಗಳೂ ಪರಸ್ಪರ ಸ್ವತಂತ್ರವಾಗಿ ಆ ಘಟನೆಗೆ ಸಾಕ್ಷಿ ನುಡಿಯುತ್ತವೆ. ಸೆರೆಹೋದವರ ಸಂಖ್ಯೆಯಲ್ಲಿ ಮಾತ್ರ ಒಮ್ಮತವಿಲ್ಲ. ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ 30,000 ಎನ್ನುತ್ತಾನೆ. ಇತರರ ಅಂದಾಜು 80,000ದವರೆಗೆ ಏರುತ್ತದೆ. ಘಟನೆ ಖಚಿತ, ಸಂಖ್ಯೆ ವಿವಾದಿತ, ದಿನ ಪರೀಕ್ಷಾರ್ಹ ಎಂದು ಮೂರನ್ನೂ ಬೇರೆಬೇರೆಯಾಗಿ ಬರೆಯುವುದು ಪ್ರಾಮಾಣಿಕ ಕ್ರಮ. ತಮ್ಮ ಯಾತನೆಯನ್ನು ತಪಸ್ಸುಕಾಲದ ಹೊಸ್ತಿಲಲ್ಲಿಟ್ಟು ನೆನೆದ ಜನರ ವಿಶ್ವಾಸ ಆ ಪರಂಪರೆಯಲ್ಲಿ ಉಳಿದಿದೆ. ಅದಕ್ಕೂ ಚರಿತ್ರೆಯಲ್ಲಿ ಬೆಲೆಯಿದೆ.

ಎರಡನೆಯದು ಕುಲನಾಮ. ಡಿಸೋಜ, ಪಿಂಟೊ, ಲೋಬೊ ಎಂಬ ಹೆಸರುಗಳಿಂದ ಪೋರ್ಚುಗೀಸ್ ರಕ್ತಸಂಬಂಧವನ್ನು ಊಹಿಸುವವರಿದ್ದಾರೆ. ಜ್ಞಾನಸ್ನಾನದ ವೇಳೆ ಜ್ಞಾನಪಿತನ ಅಥವಾ ದೀಕ್ಷೆಯಿತ್ತ ಗುರುವಿನ ಕುಲನಾಮವನ್ನು ಹೊಸ ಕ್ರೈಸ್ತರಿಗೆ ಇಡುವುದು ಗೋವೆಯಲ್ಲಿ ರೂಢಿಯಾಗಿತ್ತು. ಹೀಗಾಗಿ ಸಂಬಂಧವೇ ಇಲ್ಲದ ಎರಡು ಕುಟುಂಬಗಳಿಗೆ ಒಂದೇ ಹೆಸರು, ಒಂದೇ ಮೂಲದ ಕುಟುಂಬಗಳಿಗೆ ಬೇರೆಬೇರೆ ಹೆಸರು ಬಂದಿರುವುದು ಸಾಧ್ಯ. ಕುಲನಾಮವೊಂದನ್ನೇ ಹಿಡಿದು ವಂಶವೃಕ್ಷ ಕಟ್ಟಲಾಗದು.

ಮೂರನೆಯದು ಅತ್ಯಂತ ಸೂಕ್ಷ್ಮವಾದುದು. ಬ್ರಾಹ್ಮಣ ಮೂಲದ ಮಾತು. ಗೋವೆಯ ಗ್ರಾಮಸಂಸ್ಥೆಗಳ ದಾಖಲೆಗಳಿಂದ ಇದನ್ನು ಸ್ಥಾಪಿಸಬಲ್ಲ ಮನೆತನಗಳಿರಬಹುದು. ಅವರು ಹಾಗೆ ಬರೆಯಲಿ. ಆದರೆ ಗೋವೆಯಲ್ಲಿ ಕ್ರೈಸ್ತ ಧರ್ಮಕ್ಕೆ ಬಂದವರು ಎಲ್ಲ ಜಾತಿಗಳವರು. ದಕ್ಷಿಣಕ್ಕೆ ಬಂದವರೂ ಒಂದೇ ಜಾತಿಯವರಲ್ಲ, ಒಂದೇ ಕಾರಣದಿಂದಲ್ಲ. 1560ರಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಷನ್ ಜೊತೆಗೆ 1683ರ ಮರಾಠಾ ದಾಳಿ, ಕ್ಷಾಮ, ರೋಗ, ತೆರಿಗೆ, ಕೆಳದಿ ಸೀಮೆಯಲ್ಲಿ ಬೇಸಾಯಕ್ಕಿದ್ದ ಅವಕಾಶ ಇವೆಲ್ಲ ಜನರನ್ನು ಕದಲಿಸಿದವು. ಹೀಗಿರುವಾಗ ದಾಖಲೆಯಿಲ್ಲದೆಯೂ ಬ್ರಾಹ್ಮಣ ಮೂಲವನ್ನೇ ಹೇಳುವ ಪುಸ್ತಕಗಳು ಏನನ್ನು ಬಿಟ್ಟಿವೆ ಎಂದು ಕೇಳಬೇಕಾಗುತ್ತದೆ. ಒಕ್ಕಲು ಮಾಡಿದವರು, ಕೂಲಿಯವರು, ಅನ್ಯರ ಮನೆಯಲ್ಲಿ ದುಡಿದವರು ಯಾರ ಪೂರ್ವಜರೂ ಅಲ್ಲವೇ? ಹತ್ತನೆಯ ತಲೆಮಾರಿಗೆ ಹಿಂದಕ್ಕೆ ಹೋದರೆ ಪ್ರತಿಯೊಬ್ಬರಿಗೂ 1,024 ಪೂರ್ವಜ ಸ್ಥಾನಗಳಿರುತ್ತವೆ. ಅವುಗಳಲ್ಲಿ ಗಂಡುಸಂತತಿಯ ಒಂದೇ ಎಳೆಯನ್ನು ಆರಿಸಿ ಅದನ್ನೇ ನಮ್ಮ ರಕ್ತವೆನ್ನುವುದು, ಉಳಿದ 1,023 ಮಂದಿಯನ್ನು, ಅವರಲ್ಲೂ ಎಲ್ಲ ತಾಯಂದಿರನ್ನು, ಮರೆತಂತೆಯೇ ಸರಿ.

ದೈವಶಾಸ್ತ್ರದ ದೃಷ್ಟಿ

ಇಲ್ಲಿ ದಂತಕಥೆ ನಿರಪಾಯಕರವಾದ ಮನರಂಜನೆಯಾಗಿ ಉಳಿಯುವುದಿಲ್ಲ. ಮದುವೆಯ ಮಾತುಕತೆಯಲ್ಲಿ ಹೆಣ್ಣೋ ಗಂಡೋ ತಿರಸ್ಕೃತರಾದಾಗ, ಧರ್ಮಕೇಂದ್ರದ ಆಡಳಿತದಲ್ಲಿ ಕೆಲವರ ಮಾತು ಕೆಳಗಿನದಾದಾಗ, ಅದರ ಹಿಂದೆ ಇಂತಹ ಕಥೆಯೇ ಅಧಿಕಾರ ನಡೆಸುತ್ತಿರುತ್ತದೆ. ಮುಗಿಯದ ವಂಶಾವಳಿಗಳ ವಿಷಯದಲ್ಲಿ ತಿಮೊಥೇಯನಿಗೂ ತೀತನಿಗೂ ಬರೆದ ಪತ್ರಗಳು ನೀಡುವ ಎಚ್ಚರಿಕೆ ಇಂದಿಗೂ ಹಳತಾಗಿಲ್ಲ.

ಮತ್ತಾಯನ ವಂಶಾವಳಿಯೂ ದಾಖಲೆಯ ಯಥಾಪ್ರತಿಯಲ್ಲ. ಯೋರಾಮ ಮತ್ತು ಉಜ್ಜೀಯರ ನಡುವೆ ಮೂವರು ಅರಸರನ್ನು ಅವನು ಬಿಟ್ಟಿರುವುದು ಪೂರ್ವಕಾಲವೃತ್ತಾಂತದೊಡನೆ ಹೋಲಿಸಿದರೆ ತಿಳಿಯುತ್ತದೆ. ಆದರೆ ಅವನು ಸೇರಿಸಿದ್ದೇನು ಎಂಬುದನ್ನು ಗಮನಿಸಬೇಕು. ತಾಮಾರಳು, ರಾಹಾಬಳು, ರೂತಳು, ಊರೀಯನ ಹೆಂಡತಿಯಾಗಿದ್ದವಳು, ಹೀಗೆ ಕುಲಗೌರವವನ್ನೇ ಬಯಸುವ ಲೇಖಕನು ಮರೆಮಾಚುತ್ತಿದ್ದ ಹೆಸರುಗಳನ್ನು ಅವನು ಎತ್ತಿ ಹೇಳಿದ್ದಾನೆ. ದೇವರ ವಾಗ್ದಾನ ಈ ಸ್ತ್ರೀಯರ ಮೂಲಕವೂ ಹರಿದುಬಂದಿತು.

ಎಜ್ರನ ಗ್ರಂಥದಲ್ಲಿ ವಂಶದಾಖಲೆ ಸಿಗದ ಯಾಜಕರು ಯಾಜಕತ್ವದಿಂದ ಹೊರಗುಳಿದರು. ಇಬ್ರಿಯರಿಗೆ ಬರೆದ ಪತ್ರವಾದರೋ ಕ್ರಿಸ್ತನ ಯಾಜಕತ್ವವನ್ನು, ವಂಶಾವಳಿಯೇ ಇಲ್ಲದ ಮೆಲ್ಕಿಸದೇಕನ ಕ್ರಮದಲ್ಲಿ ಕಾಣುತ್ತದೆ. ಆ ಯಾಜಕತ್ವದಲ್ಲಿ ಪಾಲು ಪಡೆದ ಗುರುವು ಕುಲಪ್ರತಿಷ್ಠೆಗೆ ಮುದ್ರೆಯೊತ್ತುವುದು ತನ್ನ ದೀಕ್ಷೆಗೆ ಒಪ್ಪುವ ಕಾರ್ಯವಲ್ಲ.

ಆದ್ದರಿಂದ ಕೋರಿಕೆ ಬಂದಾಗ ಗುರುಗಳು ಮಾಡಬಹುದಾದುದು ಇಷ್ಟು. ಸಂಶೋಧನೆ ಇಂದಿನಿಂದ ಹಿಂದಕ್ಕೆ ಒಂದೊಂದೇ ತಲೆಮಾರಾಗಿ ಸಾಗುವಂತೆ ಸೂಚಿಸಬೇಕು. ಹಿರಿಯರು ಹೇಳಿದ ಕಥೆಯನ್ನು ಹೇಳಿದವರ ಹೆಸರು, ಬರೆದುಕೊಂಡ ದಿನಾಂಕಗಳೊಡನೆ ಪರಂಪರೆಯೆಂಬ ಶೀರ್ಷಿಕೆಯಲ್ಲೇ ಮುದ್ರಿಸಲು ಹೇಳಬೇಕು. ಒಂದೇ ಪುಸ್ತಕದಿಂದ ನಕಲಾದ ಮೂರು ಪುಸ್ತಕಗಳು ಮೂರು ಸಾಕ್ಷಿಗಳಲ್ಲವೆಂದು ತಿಳಿಸಬೇಕು. ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿ ಹಳೆಯ ಪುಸ್ತಕಗಳನ್ನು ಜೋಪಾನ ಮಾಡುವ ಹೊಣೆಯನ್ನು ನಮಗೆ ವಹಿಸಿದೆ. ಅದನ್ನು ನಿಷ್ಠೆಯಿಂದ ನೆರವೇರಿಸಬೇಕು. 877ನೆಯ ವಿಧಿ ಜ್ಞಾನಸ್ನಾನದ ದಾಖಲೆಯಲ್ಲಿ ತಂದೆತಾಯಿ, ಜ್ಞಾನಸ್ನಾನವಿತ್ತವರು, ಜ್ಞಾನ ತಂದೆತಾಯಿ, ಸ್ಥಳ, ದಿನಾಂಕಗಳನ್ನು ಕೇಳುತ್ತದೆ; ಜಾತಿಯನ್ನು ಕೇಳುವುದಿಲ್ಲ. ನಮ್ಮ ಮನೆತನದ ಚರಿತ್ರೆಗಳೂ ಆ ಪುಟದ ಶಿಸ್ತನ್ನು ಕಲಿಯುವುದು ಒಳಿತು.