ಕರ್ತವ್ಯ ಯಾರದು? ಕಾಲೇಜು ಫೀಸು ಯಾರ ಮಕ್ಕಳಿಗೆ?

ಪೊಲೀಸರು, ಅಗ್ನಿಶಾಮಕದವರು, ಸೈನಿಕರು ಡ್ಯೂಟಿ ಮೇಲಿದ್ದಾಗ ಸತ್ತರೆ, ಇಲ್ಲವೇ ಕೈಕಾಲು ಕಳೆದುಕೊಂಡು ಮನೆ ಸೇರಿದರೆ, ಅವರ ಮಕ್ಕಳ ಓದಿನ ಖರ್ಚನ್ನು ಸರ್ಕಾರ ಹೊರಬೇಕು. ಈ ಮಾತಿಗೆ ಯಾರೂ ತಕರಾರು ತೆಗೆಯಲ್ಲ, ನಾನೂ ತೆಗೆಯಲ್ಲ. ಆದರೆ ನಾನು ಗುಮಾಸ್ತ. ಯಾವ ಆದೇಶ ಟೇಬಲ್ಲಿಗೆ ಬಂದರೂ ನಾನು ಮೊದಲು ನೋಡೋದು ಹಣ ಎಷ್ಟು ಅಂತಲ್ಲ, 'ವ್ಯಾಖ್ಯೆಗಳು' ಅನ್ನೋ ಭಾಗವನ್ನ. ಯಾರು ಒಳಗೆ, ಯಾರು ಹೊರಗೆ ಅನ್ನೋದು ಅಲ್ಲೇ ತೀರ್ಮಾನ ಆಗಿರುತ್ತೆ. ಈ ಸೌಲಭ್ಯದ ಚರಿತ್ರೆಯನ್ನೂ ಅಲ್ಲಿಂದಲೇ ಓದಬೇಕು.

ಮೊದಲು ಅಮೆರಿಕಾ ನೋಡೋಣ. 1944ರಲ್ಲಿ ಅಲ್ಲಿ ಜಿ.ಐ. ಬಿಲ್ ಬಂತು. ಯುದ್ಧದಿಂದ ವಾಪಸಾದ ಸೈನಿಕರಿಗೆ ಕಾಲೇಜು ಫೀಸು ಸರ್ಕಾರದ್ದು. ಕಾನೂನಿನ ಪುಟದಲ್ಲಿ ಬಣ್ಣದ ಮಾತೇ ಇರಲಿಲ್ಲ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಕಾಲೇಜುಗಳ ಬಾಗಿಲು ಕಪ್ಪು ಸೈನಿಕರಿಗೆ ಮುಚ್ಚಿತ್ತು. ಹಕ್ಕು ಇತ್ತು, ಬಾಗಿಲು ಇರಲಿಲ್ಲ. ಅದೇ 1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, ನಮ್ಮಲ್ಲಿ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯ್ತು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ 1913ರಲ್ಲಿ ಕೊಲಂಬಿಯಾಕ್ಕೆ ಹೋದವರು ಅವರು. ಫೀಸು ಕಟ್ಟುವ ಕೈಯೊಂದು ಸಿಕ್ಕರೆ ಏನಾಗುತ್ತೆ ಅನ್ನೋದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕಾ?

ಈಗ 1968ಕ್ಕೆ ಬನ್ನಿ. ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರ, ಫೆಬ್ರವರಿ 1. ಜೋರು ಮಳೆ. ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಕಪ್ಪು ಪೌರಕಾರ್ಮಿಕರು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದಲ್ಲಿ ನಿಂತಿದ್ದರು. ಕಸ ಒತ್ತುವ ಯಂತ್ರ ಇದ್ದಕ್ಕಿದ್ದಂತೆ ಚಾಲೂ ಆಗಿ ಇಬ್ಬರನ್ನೂ ಅರೆದುಹಾಕಿತು. ಮನೆಯವರಿಗೆ ಅಪಘಾತ ಪರಿಹಾರ ಕಾನೂನಿನ ರಕ್ಷಣೆ ಇರಲಿಲ್ಲ. ನಗರಾಡಳಿತ ಕೊಟ್ಟಿದ್ದು ಒಂದು ತಿಂಗಳ ಸಂಬಳ ಮತ್ತು ಮಣ್ಣಿಗೆ ಅಂತ 500 ಡಾಲರ್. ಫೆಬ್ರವರಿ 12ರಿಂದ ಸುಮಾರು 1,300 ಕಾರ್ಮಿಕರು ಕೆಲಸ ನಿಲ್ಲಿಸಿದರು. 'ನಾನು ಮನುಷ್ಯ' ಅನ್ನೋ ಫಲಕ ಹಿಡಿದು ಬೀದಿಗಿಳಿದರು. ಅವರ ಬೆಂಬಲಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಏಪ್ರಿಲ್ 4ರಂದು ಅದೇ ಊರಲ್ಲಿ ಗುಂಡಿಟ್ಟು ಕೊಂದರು.

ಇದಾಗಿ ಎಂಟು ವರ್ಷಕ್ಕೆ, 1976ರಲ್ಲಿ, ಅಮೆರಿಕಾದಲ್ಲಿ 'ಸಾರ್ವಜನಿಕ ಸುರಕ್ಷತಾ ಅಧಿಕಾರಿ'ಗಳಿಗಾಗಿ ಒಂದು ಕಾನೂನು ಬಂತು. ಡ್ಯೂಟಿಯಲ್ಲಿ ಸತ್ತ ಪೊಲೀಸರು ಮತ್ತು ಅಗ್ನಿಶಾಮಕರ ಮನೆಗೆ 50,000 ಡಾಲರ್. 1990ರಲ್ಲಿ ಶಾಶ್ವತವಾಗಿ, ಪೂರ್ತಿಯಾಗಿ ಅಂಗವಿಕಲರಾದವರನ್ನೂ ಸೇರಿಸಿದರು. 1996ರಲ್ಲಿ ಕೇಂದ್ರದ ಪೊಲೀಸರ ಪತಿ/ಪತ್ನಿ ಮತ್ತು ಮಕ್ಕಳಿಗೆ ಕಾಲೇಜು ನೆರವು ಬಂತು. 1998ರಲ್ಲಿ ಅದು ರಾಜ್ಯ ಮತ್ತು ನಗರಗಳ ಪೊಲೀಸರು, ಅಗ್ನಿಶಾಮಕರು, ತುರ್ತುಸೇವೆಯವರ ಮನೆಗೂ ತಲುಪಿತು. ಪೂರ್ಣಾವಧಿ ಓದಿಗೆ ಗರಿಷ್ಠ 45 ತಿಂಗಳ ನೆರವು, ಮಕ್ಕಳಿಗೆ ಸಾಮಾನ್ಯವಾಗಿ 27 ವರ್ಷದವರೆಗೆ. ಒಳ್ಳೆಯ ಕಾನೂನೇ. ಹೆಜ್ಜೆಹೆಜ್ಜೆಗೂ ಪಟ್ಟಿ ಬೆಳೀತು. ಆದರೆ ಆ ವ್ಯಾಖ್ಯೆಯಲ್ಲಿ ಮೆಂಫಿಸ್‌ನ ಲಾರಿಯವರಿಗೆ ಜಾಗ ಇರಲಿಲ್ಲ.

ನಮ್ಮ ದೇಶದ ಕಥೆಯೂ ಯುದ್ಧದಿಂದಲೇ ಶುರು. 1971ರ ಯುದ್ಧದಲ್ಲಿ ಸತ್ತ, ಕಾಣೆಯಾದ, ಅಂಗವಿಕಲರಾದ ಸೈನಿಕರ ಮಕ್ಕಳಿಗೆ 1972ರಲ್ಲಿ ಶಿಕ್ಷಣ ರಿಯಾಯಿತಿ ಬಂತು. ಶಾಲೆ ಕಾಲೇಜಿನ ಪೂರ್ತಿ ಟ್ಯೂಷನ್ ಫೀಸು ಸರ್ಕಾರದ್ದು. 2017ರಲ್ಲಿ ತಿಂಗಳಿಗೆ 10,000 ರೂಪಾಯಿ ಮಿತಿ ಹಾಕಿದರು. ಗಲಾಟೆ ಆಯ್ತು, 2018ರ ಮಾರ್ಚ್‌ನಲ್ಲಿ ಮಿತಿ ತೆಗೆದರು. ಗಟ್ಟಿಯಾಗಿ ಕೇಳಿದರೆ ವರ್ಷದೊಳಗೆ ಆದೇಶ ಬದಲಾಗುತ್ತೆ, ಇದನ್ನ ನೆನಪಿಟ್ಟುಕೊಳ್ಳಿ.

ಇನ್ನು ನಮ್ಮವರ ಪಾಲಿಗೆ ಬಂದಿದ್ದೇನು? 1977-78ರಲ್ಲಿ ಕೇಂದ್ರದ ಒಂದು ವಿದ್ಯಾರ್ಥಿವೇತನ ಬಂತು. ಅದರ ಹೆಸರನ್ನ ಸ್ವಲ್ಪ ನಿಧಾನಕ್ಕೆ ಓದಿ: 'ಅಶುಚಿ ವೃತ್ತಿ'ಗಳಲ್ಲಿ ತೊಡಗಿದವರ ಮಕ್ಕಳಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ. ಸೈನಿಕನ ಮಗಳು ತರುವ ಪ್ರಮಾಣಪತ್ರದಲ್ಲಿ ಅಪ್ಪನ ತ್ಯಾಗ ಇರುತ್ತೆ. ನಮ್ಮ ಮಗಳು ತರುವ ಪ್ರಮಾಣಪತ್ರದಲ್ಲಿ ಅಪ್ಪನ ಕೆಲಸ ಹೊಲಸು ಅಂತ ಇರುತ್ತೆ, ಕೆಳಗೆ ಅಧಿಕಾರಿಯ ಸೀಲು. ಮುಂದೆ ಹೆಸರು ಬದಲಾಯ್ತು. ಮಿತಿ ಬದಲಾಗಲಿಲ್ಲ. ಮೆಟ್ರಿಕ್ ಪೂರ್ವ ಅಂದ್ರೆ ಹತ್ತನೇ ಕ್ಲಾಸಿಗೆ ಮುಗೀತು. ಅಪ್ಪನ ಕೆಲಸದ ಅಪಾಯಕ್ಕೆ ಕೊಡುವ ನೆರವು ಕಾಲೇಜಿನ ಗೇಟಿನ ಹತ್ತಿರ ಬಂದು ನಿಂತುಬಿಡುತ್ತೆ.

ಊರಿನ ಯುಜಿಡಿ ಲೈನ್ ಕಟ್ಟಿಕೊಂಡು ರಸ್ತೆ ತುಂಬಾ ಕೊಳಚೆ ಹರಿದಾಗ ಮೊದಲು ಬರೋದು ಯಾರು? ಗುಂಡಿಗೆ ಇಳಿದು ವಿಷಗಾಳಿ ಕುಡಿಯೋದು ಯಾರು? ಇದು ತುರ್ತುಸೇವೆ ಅಲ್ಲ ಅಂದ್ರೆ ಇನ್ಯಾವುದು? ಸತ್ತರೆ ಒಂದು ದಿನ ಸುದ್ದಿ. ಬದುಕಿ ಉಳಿದು ಶ್ವಾಸಕೋಶ ಹೋದವರು, ಕಣ್ಣು ಹೋದವರು, ನರ ಹೋದವರು ಯಾವ ಸುದ್ದಿಯಲ್ಲೂ ಇಲ್ಲ. ಅಂಥ ಮನೆಯಲ್ಲಿ ಮುಂದೇನಾಗುತ್ತೆ ಅನ್ನೋದು ನಮ್ಮ ಕೇರಿಗಳಲ್ಲಿ ಎಲ್ಲರಿಗೂ ಗೊತ್ತು. ಪಿಯುಸಿ ಓದ್ತಿರೋ ಮಗನ ಕೈಗೆ ಅಪ್ಪನ ಜಾಗ ಬರುತ್ತೆ. ಅದನ್ನ ದೊಡ್ಡ ಉಪಕಾರ ಅನ್ನೋ ಹಾಗೆ ಹೇಳ್ತಾರೆ. ಕೆಲಸ ಬೇಡ ಅಂತ ನಾನು ಹೇಳ್ತಿಲ್ಲ, ಮನೆ ನಡೀಬೇಕು. ಆದರೆ ಸೈನಿಕನ ಮಗನಿಗೆ ಕಾಲೇಜು, ಪೌರಕಾರ್ಮಿಕನ ಮಗನಿಗೆ ಪೊರಕೆ ಅಂದ್ರೆ ಅದು ಪರಿಹಾರ ಅಲ್ಲ, ಜಾತಿಯ ಕೆಲಸವನ್ನ ಮುಂದಿನ ತಲೆಮಾರಿಗೆ ದಾಟಿಸೋದು.

ಕಾನೂನು ಏನು ಹೇಳುತ್ತೆ? 2013ರ ಮ್ಯಾನ್ಯುವಲ್ ಸ್ಕ್ಯಾವೆಂಜಿಂಗ್ ನಿಷೇಧ ಕಾಯ್ದೆಯಲ್ಲಿ ಮಕ್ಕಳಿಗೆ ವಿದ್ಯಾರ್ಥಿವೇತನ ಇದೆ. ಯಾರಿಗೆ? ಸರ್ವೆಯಲ್ಲಿ ಗುರುತಿಸಿದ ಸ್ಕ್ಯಾವೆಂಜರ್‌ಗಳ ಮಕ್ಕಳಿಗೆ. ಚರಂಡಿ, ಪಿಟ್ ಇಳಿಯುವ 'ಅಪಾಯಕಾರಿ ಸ್ವಚ್ಛತೆ'ಗೆ ಅದೇ ಕಾಯ್ದೆಯಲ್ಲಿ ಬೇರೆ ವ್ಯಾಖ್ಯೆ. ಸಲಕರಣೆ, ರಕ್ಷಣಾ ಉಡುಪು ಕೊಟ್ಟಿದ್ದರೆ ಅಂಥವರನ್ನ ಸ್ಕ್ಯಾವೆಂಜರ್ ಅಂತ ಪರಿಗಣಿಸಬೇಕಿಲ್ಲ ಅಂತಲೂ ಒಂದು ವಿವರಣೆ ಇದೆ. ನೋಡಿ, ಮತ್ತೆ ವ್ಯಾಖ್ಯೆಯಲ್ಲೇ ಬಾಗಿಲು.

ಆ ಬಾಗಿಲನ್ನ ಒದ್ದು ತೆಗೆದವರೂ ನಮ್ಮವರೇ. ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಂಗಾತಿಗಳ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. 2014ರ ಮಾರ್ಚ್ 27ರಂದು ತೀರ್ಪು ಬಂತು: 1993ರಿಂದ ಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಮನೆಗೆ 10 ಲಕ್ಷ. 2023ರ ಅಕ್ಟೋಬರ್ 20ರಂದು, ಡಾ. ಬಲರಾಮ್ ಸಿಂಗ್ ಪ್ರಕರಣದಲ್ಲಿ, ನ್ಯಾಯಮೂರ್ತಿ ರವೀಂದ್ರ ಭಟ್ ಮತ್ತು ನ್ಯಾಯಮೂರ್ತಿ ಅರವಿಂದ್ ಕುಮಾರ್ ಅವರ ಪೀಠ ಅದನ್ನ 30 ಲಕ್ಷಕ್ಕೆ ಏರಿಸಿತು. ಪೇಪರುಗಳು ಬರೆದದ್ದು ಬಹುತೇಕ ಆ 30 ಲಕ್ಷದ ಬಗ್ಗೆ. ಆದರೆ ಅದೇ ತೀರ್ಪಿನಲ್ಲಿ ಬದುಕಿ ಉಳಿದವರ ಮಾತೂ ಇದೆ. ಅಂಗವೈಕಲ್ಯಕ್ಕೆ ಕನಿಷ್ಠ 10 ಲಕ್ಷ. ಶಾಶ್ವತವಾಗಿ ದುಡಿಯಲಾರದಂತೆ ಆದರೆ ಕನಿಷ್ಠ 20 ಲಕ್ಷ. ಸತ್ತವರ ಮಕ್ಕಳಷ್ಟೇ ಅಲ್ಲ, ಅಂಗವಿಕಲರಾದವರ ಮಕ್ಕಳಿಗೂ ಅರ್ಥಪೂರ್ಣ ಶಿಕ್ಷಣ ಸಿಗುವಂತೆ ವಿದ್ಯಾರ್ಥಿವೇತನ ಇರಬೇಕು.

ಅರ್ಥಪೂರ್ಣ ಶಿಕ್ಷಣ ಹತ್ತನೇ ಕ್ಲಾಸಿಗೆ ನಿಲ್ಲಲ್ಲ. ಹಾಗಾಗಿ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. 1972ರಲ್ಲಿ ಸೈನಿಕರ ಮಕ್ಕಳಿಗೆ ಕೊಟ್ಟ ಹಾಗೇ ಇಲ್ಲೂ ಪೂರ್ತಿ ಕಾಲೇಜು ಫೀಸು ಬೇಕು. ಕಾಯಂ ಆಗಲಿ, ಗುತ್ತಿಗೆ ಆಗಲಿ, ದಿನಗೂಲಿ ಆಗಲಿ, ಎಲ್ಲರ ಮಕ್ಕಳಿಗೂ ಬೇಕು.

ಅಲ್ಲಿವರೆಗೆ ನಾವು ಮಾಡೋದು ಕೈತುಂಬಾ ಇದೆ. ಗುಂಡಿಯಿಂದ ಎತ್ತಿದವರನ್ನ ಆಸ್ಪತ್ರೆಗೆ ಸೇರಿಸುವಾಗಲೇ 'ಚರಂಡಿ ಕೆಲಸದಲ್ಲಿ ಆದದ್ದು' ಅಂತ ಎಂಎಲ್‌ಸಿಯಲ್ಲಿ ಬರೆಸಿ. ಡಿಸ್ಚಾರ್ಜ್ ಚೀಟಿ, ಅಂಗವೈಕಲ್ಯ ಪ್ರಮಾಣಪತ್ರ ಜೋಪಾನ ಮಾಡಿ. ಮಕ್ಕಳ ಮಾರ್ಕ್ಸ್ ಕಾರ್ಡ್, ಫೀಸು ರಸೀತಿ ಜೊತೆಗಿಡಿ. 2023ರ ತೀರ್ಪನ್ನ ಹೆಸರಿಸಿ ಡಿಸಿಗೆ ಅರ್ಜಿ ಕೊಡಿ. 2013ರ ಕಾಯ್ದೆಯ ಪ್ರಕಾರ ಜಿಲ್ಲಾ ಜಾಗೃತಿ ಸಮಿತಿಗೆ ಅವರೇ ಅಧ್ಯಕ್ಷರು. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಮಾತ್ರ ಬರಬೇಡಿ. ಸೀಲಿಲ್ಲದ ಅರ್ಜಿ ಕಚೇರಿಯಲ್ಲಿ ಹುಟ್ಟೇ ಇಲ್ಲ ಅಂತ ಲೆಕ್ಕ, ಇದು ಗುಮಾಸ್ತನ ಮಾತು.

ನಿಮ್ಮ ಊರಲ್ಲಿ ಹೀಗೆ ಅಂಗವಿಕಲರಾಗಿ ಕೂತವರ ಮನೆಗಳು ಎಷ್ಟಿವೆ? ಅವರ ಮಕ್ಕಳು ಎಷ್ಟನೇ ಕ್ಲಾಸಿಗೆ ಬಿಟ್ಟರು? ಕೇರಿಗೆ ಹೋಗಿ ಬರೆದುಕೊಂಡು ಬನ್ನಿ. ಸತ್ತವರ ಪಟ್ಟಿಯನ್ನ ಚಳವಳಿ ಮಾಡಿತು. ಬದುಕಿರುವವರ ಪಟ್ಟಿಯನ್ನೂ ನಾವೇ ಮಾಡಬೇಕು.

ಜೈ ಭೀಮ್.